ಮಹಡಿ ಮೇಲಿನ ಮಳೆ, ಕೆಳಮನೆಯ ಬಚ್ಚಲು

2024ರ ಜೂನ್ 2, ಭಾನುವಾರ ಸಂಜೆ. ದೊಮ್ಮಲೂರಿನ ನಮ್ಮ ಮನೆಯ ಕೆಳಗೆ ಬಾಡಿಗೆಗಿದ್ದ ಹುಡುಗಿ ಮಳೆಯಲ್ಲೇ ಮೆಟ್ಟಿಲು ಹತ್ತಿ ಓಡಿಬಂದಳು. “ಅಕ್ಕಾ, ಬಚ್ಚಲಲ್ಲಿ ನೀರು ಮೇಲಕ್ಕೆ ಬರ್ತಾ ಇದೆ, ಬೇಗ ಬನ್ನಿ” ಎಂದಳು. ಹೋಗಿ ನೋಡಿದರೆ ನೆಲದ ಜಾಲರಿ ಗುಳುಗುಳು ಅನ್ನುತ್ತಿತ್ತು. ಒಂದು ಸಲ ನೀರು ಉಗುಳುವುದು, ಸ್ವಲ್ಪ ಹೊತ್ತು ಸುಮ್ಮನಾಗುವುದು, ಮತ್ತೆ ಉಗುಳುವುದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಪ್ಪು ನೀರು ಬಚ್ಚಲ ಹೊಸಿಲು ದಾಟಿ ಅಡುಗೆಮನೆಗೆ ಇಳಿಯಿತು. ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ಮಗುವಿನ ಪುಸ್ತಕದ ಬ್ಯಾಗು ಎಲ್ಲವನ್ನೂ ಮಂಚದ ಮೇಲೆ ಎತ್ತಿಟ್ಟೆವು.

ಆ ಒಂದೇ ದಿನ ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಬಿದ್ದಿತ್ತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಅಳಿಯದೆ ಉಳಿದಿದ್ದ ದಾಖಲೆ ಅವತ್ತು ಮುರಿಯಿತು. ಇಷ್ಟು ಮಳೆಗೆ ಬೀದಿಯ ಒಳಚರಂಡಿ ಕಟ್ಟಿಕೊಂಡಿರಬೇಕು ಎಂದೇ ನಾವೂ ತಿಳಿದುಕೊಂಡೆವು. ಮಾರನೆಯ ಬೆಳಿಗ್ಗೆ ಬಚ್ಚಲು ತೊಳೆಯುವಾಗ ಮೂಲೆಯಲ್ಲಿ ಒಂದು ಹಿಡಿಯಷ್ಟು ಒಣಗಿದ ಹೊಂಗೆ ಹೂವು ಸಿಕ್ಕಿತು. ಹೊಂಗೆ ಮರ ಇರುವುದು ನಮ್ಮ ಗೇಟಿನ ಪಕ್ಕ. ಅದರ ಹೂವು ಉದುರುವುದು ನಮ್ಮ ತಾರಸಿಯ ಮೇಲೆ. ತಾರಸಿಯ ಹೂವು ಕೆಳಮನೆಯ ಬಚ್ಚಲಿಗೆ ಬಂದದ್ದು ಯಾವ ದಾರಿಯಿಂದ?

ಪ್ಲಂಬರ್ ಬಂದರು. ಅರವತ್ತು ದಾಟಿದವರು, ಈ ಕ್ರಾಸಿನ ಎಷ್ಟೋ ಮನೆಗಳ ಪೈಪನ್ನು ಕಂಡವರು. ಕಾಂಪೌಂಡಿನೊಳಗಿನ ಒಳಚರಂಡಿ ಚೇಂಬರ್ ಮುಚ್ಚಳವನ್ನು ಸಬ್ಬಲಿನಿಂದ ಮೀಟಿ ಎತ್ತಿ, ಟಾರ್ಚ್ ಬಿಟ್ಟು ತೋರಿಸಿದರು. “ನೋಡಮ್ಮಾ, ಇದು ಕಕ್ಕಸಿನ ಪೈಪು, ಇದು ಬಚ್ಚಲುದು. ಈ ಮೂರನೇದು ಇದ್ಯಲ್ಲ, ಇದು ಮೇಲಿಂದ ಬಂದಿರೋದು. ಮಳೆನೀರನ್ನ ಚೇಂಬರ್‌ಗೇ ಕೊಟ್ಬಿಟ್ಟವ್ರೆ.”

ಮನೆ ಕಟ್ಟುವಾಗ ಮೇಸ್ತ್ರಿ ಮಾಡಿದ ಜೋಡಣೆ ಅದು. ಇಷ್ಟು ವರ್ಷ ನಮಗೇ ಗೊತ್ತಿರಲಿಲ್ಲ. ನಿಮ್ಮ ಮನೆಯ ಚೇಂಬರಿನಲ್ಲೂ ಅಂಥ ಮೂರನೆಯ ಪೈಪು ಇರಬಹುದು. ಇದ್ದರೆ ಈ ಮಳೆಗಾಲ ಶುರುವಾಗುವ ಮುಂಚೆಯೇ ಅದನ್ನು ಕಡಿಸಿ. ಹೇಗೆ ಕಂಡುಹಿಡಿಯುವುದು, ಎಲ್ಲಿ ಕಡಿಯುವುದು, ಕಡಿದ ಮೇಲೆ ನೀರನ್ನು ಎಲ್ಲಿಗೆ ಕಳಿಸುವುದು, ನಿಯಮ ಏನು ಹೇಳುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೋರಿ ಬೇರೆ, ಒಳಚರಂಡಿ ಬೇರೆ

ಬೆಂಗಳೂರಿನಲ್ಲಿ ನೀರು ಊರಾಚೆ ಹೋಗಲು ಎರಡು ದಾರಿಗಳಿವೆ. ಕಕ್ಕಸು, ಬಚ್ಚಲು, ಅಡುಗೆಮನೆಯ ನೀರು ನೆಲದೊಳಗಿನ ಕೊಳವೆಯಲ್ಲಿ ಹೋಗಬೇಕು. ಯುಜಿಡಿ ಎಂದು ಎಲ್ಲರ ಬಾಯಲ್ಲೂ ಇರುವ ಒಳಚರಂಡಿ ಅದು. ಈ ನಗರದಲ್ಲಿ ಅದರ ಕೆಲಸ ಶುರುವಾದದ್ದು 1922ರಲ್ಲಿ. 1964ರ ಕಾಯ್ದೆಯಿಂದ ಹುಟ್ಟಿದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ನಮ್ಮ ಜಲಮಂಡಳಿ, ಈಗ ಅದನ್ನು ನೋಡಿಕೊಳ್ಳುತ್ತದೆ. ಮಳೆನೀರಿನ ದಾರಿ ರಸ್ತೆ ಬದಿಯ ಮೋರಿ. ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಇದು ಪಾಲಿಕೆಯ ಜವಾಬ್ದಾರಿ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದ ಮೇಲೆ ದೊಮ್ಮಲೂರಿನವರು ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರಿದ್ದೇವೆ.

ಈ ಎರಡು ದಾರಿಗಳ ಅಳತೆಯೇ ಬೇರೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ ಎಂದಿಟ್ಟುಕೊಳ್ಳಿ. ತಾರಸಿ ಸುಮಾರು 1000 ಚದರಡಿ, ಅಂದರೆ 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಗಂಟೆಗೆ 50 ಮಿ.ಮೀ. ಸುರಿಯುವ ಜೋರುಮಳೆಯಲ್ಲಿ ಆ ತಾರಸಿಯಿಂದ ಇಳಿಯುವುದು ಸುಮಾರು 4,600 ಲೀಟರ್. ಅದೇ ಮನೆಯ ಐದು ಜನ, ತಲಾ 135 ಲೀಟರ್ ಲೆಕ್ಕದಲ್ಲಿ, ದಿನಕ್ಕೆ ಬಳಸಿ ಬಿಡುವ ನೀರು 675 ಲೀಟರ್. ಒಂದು ವಾರ ಪೂರ್ತಿ ಆ ಮನೆ ಒಳಚರಂಡಿಗೆ ಬಿಡುವಷ್ಟು ನೀರನ್ನು ಅದರ ತಾರಸಿ ಒಂದೇ ಗಂಟೆಯಲ್ಲಿ ಬಿಡುತ್ತದೆ.

ಒಂದು ಕ್ರಾಸಿನಲ್ಲಿ ಹತ್ತು ಮನೆಗಳು ಹೀಗೆ ಮಾಡಿದರೆ ಅದು 46,000 ಲೀಟರ್. ಓಣಿಯ ಒಳಚರಂಡಿಯನ್ನು ಬಳಸಿದ ನೀರಿಗೆಂದು ಹಾಕಿರುವುದು, ಆರಂಗುಲದ ಕೊಳವೆಯೋ ಎಂಟಂಗುಲದ್ದೋ. ಅದು ತುಂಬಿದ ಮೇಲೆ ನೀರು ತಗ್ಗಿನಲ್ಲಿ ಯಾವ ಬಾಯಿ ತೆರೆದಿದೆ ಎಂದು ಹುಡುಕುತ್ತದೆ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಎದ್ದರೆ ಬೀದಿಗೆ ಬರುತ್ತದೆ. ಕೆಳಮನೆಯ ಬಚ್ಚಲು ಅದಕ್ಕಿಂತ ತಗ್ಗಿನಲ್ಲಿದ್ದರೆ ಮೊದಲು ಅಲ್ಲಿಗೇ. ಮೇಲಿನ ಮನೆಯವರಿಗೆ ಇದರ ಬಿಸಿ ತಟ್ಟುವುದೇ ಇಲ್ಲ. ಈ ತೊಂದರೆ ಇಷ್ಟು ವರ್ಷ ಹೀಗೇ ಉಳಿದಿರುವುದಕ್ಕೆ ಅದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ನೀರು ಬಿಡುವವರು ಒಬ್ಬರು, ಅದನ್ನು ಬಕೆಟಿನಲ್ಲಿ ಎತ್ತಿ ಹೊರಗೆ ಚೆಲ್ಲುವವರು ಇನ್ನೊಬ್ಬರು. ಆ ಇನ್ನೊಬ್ಬರು ಹೆಚ್ಚಾಗಿ ಬಾಡಿಗೆಯವರು.

ಮ್ಯಾನ್‌ಹೋಲ್ ಉಕ್ಕಿದ ದಿನ ಯಾರನ್ನೋ ಕರೆದು ಒಳಗೆ ಇಳಿಸುವ ಕೆಲಸ ಮಾತ್ರ ಖಂಡಿತ ಬೇಡ. ಮಲ ಹೊರಿಸುವುದನ್ನು ತಡೆಯುವ 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಅದು ಅಪರಾಧ. ವಿಷಗಾಳಿಗೆ ಜೀವ ಹೋದವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನಮ್ಮ ತಾರಸಿಯ ನೀರು ಆ ಗುಂಡಿ ಉಕ್ಕುವುದಕ್ಕೆ ಕಾರಣವಾಗಿದ್ದರೆ ಆ ಪಾಪದಲ್ಲಿ ನಮಗೂ ಪಾಲಿದೆ.

ತಗ್ಗಿನ ಊರು

ದೊಮ್ಮಲೂರಿನ ನೀರಿಗೆ ಹಳೆಯ ಕಥೆಯೇ ಇದೆ. ಇಲ್ಲಿನ ಚೊಕ್ಕನಾಥಸ್ವಾಮಿ ದೇವಸ್ಥಾನದ 13ನೆಯ ಶತಮಾನದ ತಮಿಳು ಶಾಸನಗಳಲ್ಲಿ ಹೊಯ್ಸಳ ವೀರರಾಮನಾಥನ ಹೆಸರಿದೆ, ದೇವರಿಗೆ ಬಿಟ್ಟ ದತ್ತಿಯಲ್ಲಿ ವಿಣ್ಣಮಂಗಲದ ಕೆರೆಯ ಮಾತೂ ಇದೆ. ಇಂದಿರಾನಗರದ ಬಿನ್ನಮಂಗಲ ಎಂಬ ಹೆಸರು ಕೇಳಿದಾಗಲೆಲ್ಲ ನನಗೆ ಆ ಕೆರೆ ನೆನಪಾಗುತ್ತದೆ. ಮೇಲಿನಿಂದ ಇಳಿದ ಮಳೆ ಒಂದು ಕೆರೆ ತುಂಬಿ ಕೋಡಿ ಬಿದ್ದು ಮುಂದಿನ ಕೆರೆಗೆ ಹೋಗುತ್ತಿದ್ದ ಇಳಿಜಾರು ಇದು. ಈಗ ದೊಮ್ಮಲೂರು ಕೆರೆಯ ಜಾಗದಲ್ಲಿ ಬಡಾವಣೆ ಇದೆ, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಗಿದೆ. ಇಳಿಜಾರು ಮಾತ್ರ ಹಾಗೇ ಇದೆ. ನಮ್ಮ ಮಳೆಯೂ ಕೊಳಚೆಯೂ ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರಿನ ಕಡೆಗೇ ಹೋಗುತ್ತವೆ.

ಆ ಕಣಿವೆಯಲ್ಲಿ ಜಲಮಂಡಳಿಯ ಕೊಳಚೆನೀರು ಶುದ್ಧೀಕರಣ ಘಟಕಗಳಿವೆ. ಅಲ್ಲಿ ಶುದ್ಧವಾದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹೋಗುತ್ತಿದೆ. ಕೆ.ಸಿ. ವ್ಯಾಲಿ ನೀರು ಎಂದು ರೈತರು ಹೇಳುವುದು ಇದನ್ನೇ. ಕೊಳಚೆಯನ್ನು ತಿಂದು ನೀರನ್ನು ತಿಳಿಯಾಗಿಸುವುದು ಘಟಕದ ತೊಟ್ಟಿಗಳಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳು. ಅವಕ್ಕೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ನೀರು, ಒಂದೇ ಹದದ ಕೊಳಚೆ ಬೇಕು. ಸಾವಿರಾರು ತಾರಸಿಗಳ ಮಳೆ ಒಟ್ಟಿಗೆ ನುಗ್ಗಿದರೆ ತೊಟ್ಟಿಗಳು ತಾಳಲಾರವು. ಶುದ್ಧವಾಗದ ನೀರನ್ನು ಹಾಗೇ ಹೊರಬಿಡುವ ಪರಿಸ್ಥಿತಿ ಬರುತ್ತದೆ. 2015ರಿಂದ ಈಚೆಗೆ ನೊರೆಗೆ, ಬೆಂಕಿಗೆ ಸುದ್ದಿಯಾದ ಬೆಳ್ಳಂದೂರು ಕೆರೆ ಇರುವುದು ಆ ದಾರಿಯಲ್ಲೇ.

ಈ ತಪ್ಪು ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 1993ರಿಂದ 2011ರವರೆಗೆ ಮನೆಮನೆಗೆ ಹೋಗಿ 56,000ಕ್ಕೂ ಹೆಚ್ಚು ಮಳೆ ಪೈಪುಗಳನ್ನು ಒಳಚರಂಡಿಯಿಂದ ಬಿಡಿಸಿದರು. ಕೆನಡಾದ ಟೊರಾಂಟೊ 2011ರಿಂದ ಹಂತಹಂತವಾಗಿ ಅದನ್ನು ಕಡ್ಡಾಯ ಮಾಡಿ, 2016ರ ಹೊತ್ತಿಗೆ ಇಡೀ ನಗರಕ್ಕೆ ಅನ್ವಯಿಸಿತು. ಆ ಊರುಗಳ ಹಳೆಯ ಭಾಗದಲ್ಲಿ ಮಳೆ ಮತ್ತು ಕೊಳಚೆ ಎರಡಕ್ಕೂ ಒಂದೇ ಕೊಳವೆ. ಅಂಥ ಕೂಡುಕೊಳವೆಯೇ ಮಳೆಯನ್ನು ತಾಳಲಿಲ್ಲ. ನಮ್ಮ ಒಳಚರಂಡಿಯಲ್ಲಂತೂ ಮಳೆಗೆ ಜಾಗವನ್ನೇ ಇಟ್ಟಿಲ್ಲ.

ನಿಯಮ ಏನು ಹೇಳುತ್ತದೆ

ಮಳೆನೀರನ್ನು ಒಳಚರಂಡಿಗೆ ಬಿಡಲು ಜಲಮಂಡಳಿ ಅವಕಾಶ ಕೊಡುವುದಿಲ್ಲ. ಮನೆ ಹೊಸದಾಗಲಿ ಹಳೆಯದಾಗಲಿ, ಸೈಟು ಚಿಕ್ಕದಾಗಲಿ ದೊಡ್ಡದಾಗಲಿ, ಇದಕ್ಕೆ ವಿನಾಯಿತಿ ಇಲ್ಲ. “ನಮ್ಮದು ಇಪ್ಪತ್ತು-ಮೂವತ್ತರ ಸೈಟು, ನಮಗೆ ಅನ್ವಯಿಸಲ್ಲ” ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅವರು ಮಳೆನೀರು ಕೊಯ್ಲಿನ ನಿಯಮವನ್ನು ಇದರ ಜೊತೆ ಬೆರೆಸಿಕೊಂಡಿರುತ್ತಾರೆ.

ಕೊಯ್ಲಿನ ನಿಯಮಕ್ಕೆ ಸೈಟಿನ ಅಳತೆ ಉಂಟು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ಸೇರಿದ 72-ಎ ಕಲಮಿನ ಪ್ರಕಾರ 1200 ಚದರಡಿ ಅಥವಾ ಅದಕ್ಕೂ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವ ಮನೆಗೆ, 2400 ಚದರಡಿ ಅಥವಾ ಅದಕ್ಕೂ ದೊಡ್ಡ ಸೈಟಿನ ಹಳೆಯ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಮಾಡಿಸದಿದ್ದರೆ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಮೊದಲ ಮೂರು ತಿಂಗಳು ಒಂದು ದರ, ಅಲ್ಲಿಂದ ಮಾಡಿಸುವವರೆಗೂ ಅದರ ದುಪ್ಪಟ್ಟು. ಪ್ರತಿ ತಿಂಗಳ ಬಿಲ್ಲನ್ನು ಒಂದು ಸಲ ಪೂರ್ತಿ ಓದಿ, ಎಷ್ಟೋ ಜನ ಈ ದಂಡವನ್ನು ಗೊತ್ತಿಲ್ಲದೆ ವರ್ಷಗಟ್ಟಲೆ ಕಟ್ಟುತ್ತಿರುತ್ತಾರೆ.

ಎಷ್ಟು ನೀರು ಹಿಡಿಯಬೇಕು ಎಂಬುದಕ್ಕೂ ಲೆಕ್ಕವಿದೆ. ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಾಂಪೌಂಡಿನೊಳಗೆ ಕಲ್ಲು, ಸಿಮೆಂಟು ಹಾಸಿದ ಜಾಗದ ಪ್ರತಿ ಚದರ ಮೀಟರಿಗೆ 30 ಲೀಟರ್. ಸಂಪಿನಲ್ಲಿ ತುಂಬಿಸಬಹುದು, ನೆಲಕ್ಕೆ ಇಂಗಿಸಬಹುದು, ಎರಡನ್ನೂ ಸೇರಿಸಿ ಲೆಕ್ಕ ಕೊಡಬಹುದು. ಮೇಲೆ ಹೇಳಿದ 93 ಚದರ ಮೀಟರ್ ತಾರಸಿಗೆ ಇದು ಸುಮಾರು 5,600 ಲೀಟರ್. ಮನೆಯಲ್ಲಿ ಆರು ಸಾವಿರ ಲೀಟರಿನ ಸಂಪು ಇದ್ದರೆ ಅರ್ಧ ಕೆಲಸ ಆಗಲೇ ಮುಗಿದಿದೆ ಎಂದರ್ಥ.

ಆದ್ದರಿಂದ ಚಿಕ್ಕ ಸೈಟಿನವರು ಕೊಯ್ಲು ಮಾಡದೆ ನೀರನ್ನು ಮೋರಿಗೆ ಬಿಟ್ಟರೂ ತಪ್ಪಿಲ್ಲ. ಚೇಂಬರಿಗೆ ಬಿಡುವುದು ಮಾತ್ರ ಯಾರಿಗೂ ಸಲ್ಲದು.

ನೀಲಿ ಬಕೆಟ್

ನಿಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಗೋಡೆ ಒಡೆಯಬೇಕಿಲ್ಲ. ಮಳೆ ಇಲ್ಲದ ದಿನ ಬೆಳಿಗ್ಗೆ, ಮನೆಯಲ್ಲಿ ಯಾರೂ ನಲ್ಲಿ ಬಿಡದ ಹೊತ್ತಿನಲ್ಲಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಬೆರೆಸಿ. ಒಬ್ಬರು ತಾರಸಿಯಲ್ಲಿ ನಿಂತು ಒಂದು ಪೈಪಿನ ಬಾಯಿಗೆ ಸುರಿಯಲಿ. ಇನ್ನೊಬ್ಬರು ಕೆಳಗೆ ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಲಿ. ನೀಲಿ ನೀರು ಚೇಂಬರಿನಲ್ಲಿ ಹರಿದರೆ ಉತ್ತರ ಸಿಕ್ಕಿತು. ಪ್ರತಿ ಪೈಪಿಗೂ ಬೇರೆಬೇರೆಯಾಗಿ ಮಾಡಿ. ನಮ್ಮ ಮನೆಯ ಎರಡು ಪೈಪುಗಳಲ್ಲಿ ಮುಂದಿನದು ಸರಿಯಾಗಿ ಮೋರಿಗೇ ಹೋಗುತ್ತಿತ್ತು, ಹಿಂದಿನದು ಮಾತ್ರ ಚೇಂಬರಿಗೆ. ಮುಂದಿನದನ್ನಷ್ಟೇ ನೋಡಿ ಸುಮ್ಮನಾಗಿದ್ದರೆ ಏನೂ ತಿಳಿಯುತ್ತಿರಲಿಲ್ಲ.

ಚೇಂಬರ್ ಮುಚ್ಚಳ ತೆಗೆದಾಗ ಮುಖ ಬಗ್ಗಿಸಬೇಡಿ, ಹತ್ತು ನಿಮಿಷ ಗಾಳಿಯಾಡಲು ಬಿಡಿ, ಮಕ್ಕಳನ್ನು ದೂರ ಇಡಿ. ಅದು ಕಾಂಪೌಂಡಿನೊಳಗಿನ ನಿಮ್ಮ ಚೇಂಬರ್ ಆಗಿರಬೇಕು. ರಸ್ತೆಯ ಮ್ಯಾನ್‌ಹೋಲ್ ಮುಟ್ಟಬೇಡಿ.

ಕೆಲವು ಮನೆಗಳಲ್ಲಿ ಇನ್ನೊಂದು ತೊಡಕಿರುತ್ತದೆ. ಬಾಲ್ಕನಿಯ ನೀರು, ವಾಷಿಂಗ್ ಮೆಷಿನ್ನಿನ ನೀರು, ತಾರಸಿಯ ಒಗೆಯುವ ಕಲ್ಲಿನ ನೀರು ಎಲ್ಲವೂ ಅದೇ ಮಳೆ ಪೈಪಿಗೆ ಸೇರಿರುತ್ತವೆ. ಸೋಪಿನ ನೀರು ಮಳೆನೀರಲ್ಲ, ಅದರ ಜಾಗ ಒಳಚರಂಡಿಯೇ. ಹಾಗಿದ್ದರೆ ಮೊದಲು ಈ ಎರಡನ್ನು ಬೇರೆ ಮಾಡಿಸಿ, ಆಮೇಲೆ ಮಳೆ ಪೈಪು ಕಡಿಸಿ. ಈ ಕ್ರಮ ತಪ್ಪಿದರೆ ಸೋಪಿನ ನೀರು ಮೋರಿಗೆ, ಮೋರಿಯಿಂದ ಬೆಳ್ಳಂದೂರಿಗೆ. ಬೆಳ್ಳಂದೂರಿನ ನೊರೆಯಲ್ಲಿ ಇಂಥ ಸೋಪಿನ ಪಾಲೂ ಇದೆ.

ಎಲ್ಲಿ ಕಡಿಯಬೇಕು

ಕೆಲಸ ಅರ್ಧ ದಿನದ್ದು. ಗೋಡೆಗುಂಟ ಇಳಿದ ನಾಲ್ಕಂಗುಲದ ಪಿವಿಸಿ ಪೈಪನ್ನು ನೆಲದಿಂದ ಎರಡು-ಮೂರು ಅಡಿ ಮೇಲೆ ಹ್ಯಾಕ್ಸಾದಿಂದ ಕೊಯ್ಯುತ್ತಾರೆ. ನೆಲದಲ್ಲಿ ಉಳಿದ ತುಂಡಿಗೆ ಎಂಡ್ ಕ್ಯಾಪ್ ಹಾಕಿ, ಸಾಲ್ವೆಂಟ್ ಹಚ್ಚಿ ಭದ್ರವಾಗಿ ಮುಚ್ಚಬೇಕು. ಬಟ್ಟೆ ತುರುಕಿ ಸಿಮೆಂಟು ಮೆತ್ತುವುದಕ್ಕೆ ಒಪ್ಪಬೇಡಿ. ಅದು ಬಿರುಕು ಬಿಟ್ಟರೆ ಆ ದಾರಿಯಲ್ಲಿ ಇಲಿ, ಜಿರಲೆ, ಗಬ್ಬುವಾಸನೆ ಮೂರೂ ಬರುತ್ತವೆ. ಇನ್ನೂ ಒಳ್ಳೆಯದೆಂದರೆ ಚೇಂಬರಿನ ಒಳಗಡೆಯಿಂದಲೂ ಆ ಮೂರನೆಯ ಪೈಪಿನ ಬಾಯನ್ನು ಮುಚ್ಚಿಸುವುದು.

ಮೇಲಿನ ತುಂಡಿಗೆ ಎಲ್ಬೋ ಕೂಡಿಸಿ ನೀರನ್ನು ತಿರುಗಿಸಿ. ನೆಲಮಟ್ಟದಲ್ಲಿ ಕಡಿಯದೆ ಎರಡು-ಮೂರು ಅಡಿ ಮೇಲೆ ಕಡಿಯುವುದಕ್ಕೆ ಕಾರಣವಿದೆ. ದೊಮ್ಮಲೂರಿನ ಹಳೆಯ ಊರಿನಲ್ಲಿ, ಲೇಔಟಿನ ಕೆಲವು ಕ್ರಾಸುಗಳಲ್ಲಿ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮನೆಗಿಂತ ಮೇಲಾಗಿದೆ. ಅಂಗಳ ತಗ್ಗು, ಮೋರಿ ಎತ್ತರ. “ನಮ್ಮ ನೀರು ಮೋರಿಗೆ ಹತ್ತಲ್ಲ, ಅದಕ್ಕೇ ಚೇಂಬರಿಗೆ ಬಿಟ್ಟಿದ್ದೇವೆ” ಎಂದು ಅಲ್ಲಿನವರು ಹೇಳುವುದು ಸುಳ್ಳಲ್ಲ. ಆದರೆ ತಾರಸಿಯ ನೀರು ಅಂಗಳಕ್ಕೆ ಇಳಿದು ಮತ್ತೆ ಹತ್ತಬೇಕಾಗಿಲ್ಲವಲ್ಲ! ಪೈಪನ್ನು ಮೇಲೆಯೇ ಕಡಿದು, ಕಾಂಪೌಂಡ್ ಗೋಡೆಗುಂಟ ಸ್ವಲ್ಪ ಇಳಿಜಾರಿನಲ್ಲಿ ಕ್ಲಾಂಪ್ ಹೊಡೆದು ಒಯ್ದರೆ, ರಸ್ತೆ ಎರಡಡಿ ಮೇಲಿದ್ದರೂ ನೀರು ಮೋರಿಗೆ ತಾನೇ ಬೀಳುತ್ತದೆ. ನಮ್ಮ ಪ್ಲಂಬರ್ ಹೇಳಿಕೊಟ್ಟ ಉಪಾಯ ಇದು.

ಮೋರಿಗೆ ಸೇರಿಸಲು ಫುಟ್‌ಪಾತ್ ಅಗೆಯಬೇಕಾದರೆ ಪಾಲಿಕೆಯ ವಾರ್ಡ್ ಎಂಜಿನಿಯರ್ ಕಚೇರಿಯಲ್ಲಿ ಅನುಮತಿ ಕೇಳಿ. ಪೈಪಿನ ಬಾಯಿ ಫುಟ್‌ಪಾತಿನ ಮೇಲೆ ಬಿಟ್ಟು ನಡೆಯುವವರ ಕಾಲಿಗೆ ನೀರು ಬೀಳುವಂತೆ ಮಾಡಬೇಡಿ, ಪಕ್ಕದ ಮನೆಯ ಗೋಡೆಗೆ ತಿರುಗಿಸುವುದಂತೂ ಬೇಡವೇ ಬೇಡ. ಗೋಡೆಗೆ ಗೋಡೆ ಅಂಟಿದ ಓಣಿಗಳಲ್ಲಿ ಅಕ್ಕಪಕ್ಕದ ಎರಡು ಮನೆಯವರು ಕೂತು ಮಾತಾಡಿ ಒಂದೇ ಪೈಪಿನಲ್ಲಿ ಮೋರಿಗೆ ಒಯ್ಯುವುದು ಖರ್ಚಿಗೂ ಹಗುರ, ಜಗಳಕ್ಕೂ ಜಾಗವಿಲ್ಲ.

ಮೋರಿಗಿಂತ ಒಳ್ಳೆಯ ಜಾಗ

ಕಡಿದ ನೀರನ್ನು ಮೋರಿಗೆ ಬಿಟ್ಟರೆ ನಿಯಮ ಪಾಲಿಸಿದಂತಾಯಿತು. ಆದರೂ ಅದನ್ನು ಹಾಗೇ ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆ. ಆ ಸಾವಿರ ಚದರಡಿಯ ತಾರಸಿಗೆ ಬೀಳುವುದು ಸುಮಾರು 90,000 ಲೀಟರ್. ಸೋರಿದ್ದು, ಆವಿಯಾದದ್ದು ಕಳೆದರೂ 75,000 ಲೀಟರ್ ಕೈಗೆ ಸಿಗುತ್ತದೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಸರ್ಕಾರವೇ ಟ್ಯಾಂಕರಿಗೆ ದರ ಕಟ್ಟಬೇಕಾಗಿ ಬಂದದ್ದು ನೆನಪಿದೆಯಲ್ಲ? ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅದಾಗಿ ಮೂರು ತಿಂಗಳು ತುಂಬುವ ಮುಂಚೆಯೇ ಜೂನ್ 2ರ ಮಳೆ ನಮ್ಮ ತಾರಸಿಯೊಂದರ ಮೇಲೆ ಹತ್ತು ಸಾವಿರ ಲೀಟರ್ ಸುರಿಯಿತು. ಅದರಲ್ಲಿ ಹಿಂದಿನ ಪೈಪಿನ ಪಾಲನ್ನು ನಾವು ಕಕ್ಕಸಿನ ಚೇಂಬರಿಗೆ ಕಳಿಸಿದೆವು.

ಸಂಪು ಇರುವವರು ನೀರನ್ನು ಮೊದಲು ಸಂಪಿಗೇ ತಿರುಗಿಸಿ. ದಾರಿಯಲ್ಲಿ ಒಂದು ಫಿಲ್ಟರ್ ಬೇಕು. ಗೋಡೆಗೆ ಕೂರಿಸುವ ಮಳೆನೀರು ಫಿಲ್ಟರುಗಳು ಪೇಟೆಯಲ್ಲಿ ಸಿಗುತ್ತವೆ. ವಿಜಯನಗರದ ತಮ್ಮ ಮನೆಯನ್ನು 1995ರಿಂದ ಮಳೆನೀರಿನಲ್ಲೇ ನಡೆಸಿದ ವಿಜ್ಞಾನಿ ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಅಂಥವುಗಳಲ್ಲಿ ಒಂದು. ಕಸ ಕಟ್ಟಿಕೊಂಡಾಗ ನೀರಿನ ಒತ್ತಡಕ್ಕೆ ಅದು ತಾನೇ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ, ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ಫಿಲ್ಟರಿಗೂ ಮುಂಚೆ, ಪೈಪಿನ ಬುಡದಲ್ಲಿ ಒಂದು ವಾಲ್ವ್ ಇಡಿಸಿ. ಬೇಸಿಗೆಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ ಮಳೆಯ ಸುಮಾರು ಇನ್ನೂರು ಲೀಟರನ್ನು ಅದರಿಂದ ಹೊರಗೆ ಬಿಟ್ಟು, ಆಮೇಲೆ ವಾಲ್ವ್ ಮುಚ್ಚಿ. ಸಂಪಿಗೆ ಬಿದ್ದ ನೀರು ಒಗೆಯಲು, ನೆಲ ಒರೆಸಲು, ಕಕ್ಕಸಿಗೆ, ಗಿಡಕ್ಕೆ ಧಾರಾಳವಾಗಿ ಆಗುತ್ತದೆ. ಸಂಪು ತುಂಬಿದ ಮೇಲೆ ಉಕ್ಕುವ ನೀರಿಗೂ ಒಂದು ಪೈಪು ಬೇಕು, ಅದರ ಕೊನೆ ಇಂಗುಬಾವಿಗೋ ಮೋರಿಗೋ ಇರಲಿ. ಉಕ್ಕುವ ನೀರಿನ ಪೈಪನ್ನು ಮತ್ತೆ ಚೇಂಬರಿಗೆ ಜೋಡಿಸಿದವರನ್ನು ನೋಡಿದ್ದೇನೆ! ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ.

ನೀಲಿ ಡ್ರಮ್ಮು ಇಟ್ಟರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಜೋರುಮಳೆಯಲ್ಲಿ 200 ಲೀಟರಿನ ಡ್ರಮ್ಮು ಮೂರು ನಿಮಿಷದೊಳಗೆ ತುಂಬುತ್ತದೆ. ಗಿಡಕ್ಕೆ ಇಟ್ಟುಕೊಳ್ಳಿ, ಮೇಲೆ ಬಿಗಿಯಾಗಿ ಸೊಳ್ಳೆಪರದೆ ಕಟ್ಟಿ, ಆದರೆ ಅದನ್ನೇ ನಂಬಬೇಡಿ.

ಇಂಗುಬಾವಿಗೆ ಮೂರಡಿ ಅಗಲದ ಜಾಗ ಸಾಕು. ಹದಿನೈದು-ಇಪ್ಪತ್ತಡಿ ಆಳ ತೋಡಿ, ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ರಿಂಗಿನ ಹೊರಸುತ್ತಿಗೆ ಜಲ್ಲಿ ತುಂಬುತ್ತಾರೆ. ತಳಕ್ಕೆ ಕಾಂಕ್ರೀಟು ಹಾಕಬಾರದು, ರಿಂಗುಗಳ ಸಂದಿಗೆ ಸಿಮೆಂಟು ಮೆತ್ತಬಾರದು, ನೀರು ಅಲ್ಲಿಂದಲೇ ಮಣ್ಣಿಗೆ ಹೋಗಬೇಕು. ಈ ಕೆಲಸ ತಲೆತಲಾಂತರದಿಂದ ಬಲ್ಲವರು ಮಣ್ಣುವಡ್ಡರು. ಎಸ್. ವಿಶ್ವನಾಥ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಹತ್ತು ಲಕ್ಷ ಬಾವಿಗಳ ಆಂದೋಲನ ಶುರುಮಾಡಿದ ಮೇಲೆ ಇವರ ಕೈಕೆಲಸಕ್ಕೆ ನಗರದಲ್ಲಿ ಮತ್ತೆ ಬೇಡಿಕೆ ಬಂದಿದೆ. ಮಣ್ಣು ನೋಡಿಯೇ ನೀರು ಎಷ್ಟು ಬೇಗ ಕುಡಿಯುತ್ತದೆ ಎಂದು ಹೇಳಬಲ್ಲವರು ಅವರು. ಅವರನ್ನೇ ಕರೆಯಿರಿ, ಅವರು ಕೇಳಿದ ಕೂಲಿ ಕೊಡಿ. ಬಾವಿ ಚೇಂಬರಿನ ಪಕ್ಕ, ಅಡಿಪಾಯದ ಬುಡದಲ್ಲಿ ಬೇಡ. ಬೈಕು, ಕಾರು ತೊಳೆಯುವ ಜಾಗದ ಎಣ್ಣೆನೀರು ಅದಕ್ಕೆ ಸೇರಬಾರದು. ಬಾಯಿಗೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ, ಇವು ಮಗು ಇರಲಿ ಇಲ್ಲದಿರಲಿ ಕಡ್ಡಾಯ.

ಹೇಗೆ ಮಾಡಿಸುವುದು ಎಂದು ಕಣ್ಣಾರೆ ನೋಡಬೇಕಿದ್ದರೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ. ಸಂಪು, ಫಿಲ್ಟರು, ಇಂಗುಬಾವಿಯ ಮಾದರಿಗಳನ್ನು ಅಲ್ಲಿ ಮಾಡಿಟ್ಟಿದ್ದಾರೆ. ಪ್ಲಂಬರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬಾಯಲ್ಲಿ ಹತ್ತು ಸಲ ಹೇಳುವ ಕಷ್ಟ ತಪ್ಪುತ್ತದೆ.

ಬಾಡಿಗೆಯವರು, ಅಪಾರ್ಟ್‌ಮೆಂಟಿನವರು

ಕೆಳಮನೆಯಲ್ಲಿ ಬಾಡಿಗೆಗಿರುವವರು ಪೈಪು ಕಡಿಯಲಾರರು, ಆದರೆ ನೀಲಿ ಬಕೆಟಿನ ಪರೀಕ್ಷೆಯನ್ನು ಓನರ್ ಎದುರಿಗೇ ಮಾಡಿ ತೋರಿಸಬಹುದು. ಮೊಬೈಲಿನಲ್ಲಿ ವೀಡಿಯೊ ತೆಗೆದಿಟ್ಟುಕೊಳ್ಳಿ. ಕೆಲವು ಓನರುಗಳು ಚೇಂಬರಿನ ಬಾಯಿಗೆ ನಾನ್‌-ರಿಟರ್ನ್ ವಾಲ್ವ್ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಬೀದಿಯಿಂದ ಹಿಂದಕ್ಕೆ ನುಗ್ಗುವ ನೀರನ್ನು ಅದು ತಡೆಯುವುದು ನಿಜ. ಆದರೆ ವಾಲ್ವ್ ಮುಚ್ಚಿರುವಾಗ ಮನೆಯ ಸ್ವಂತ ತಾರಸಿಯ ಮಳೆ ಚೇಂಬರಿಗೇ ಬೀಳುತ್ತಿದ್ದರೆ, ಹೊರಗೆ ಹೋಗಲು ದಾರಿಯಿಲ್ಲದೆ ಅದು ಕೆಳಮನೆಗೇ ಉಕ್ಕುತ್ತದೆ. ಮಳೆ ಪೈಪು ಬಿಡಿಸಿದ ಮೇಲೆಯೇ ವಾಲ್ವಿನ ಮಾತು.

ಅಪಾರ್ಟ್‌ಮೆಂಟುಗಳಲ್ಲಿ ಮಳೆ ಪೈಪು, ಕಕ್ಕಸಿನ ಪೈಪು ಒಂದೇ ಡಕ್ಟಿನಲ್ಲಿ ಇಳಿಯುವುದರಿಂದ ಬುಡದಲ್ಲಿ ಎಲ್ಲಿ ಕೂಡಿದೆ ಎಂದು ಸಂಘದವರೇ ನಿಂತು ನೋಡಬೇಕು. ಸ್ವಂತ ಶುದ್ಧೀಕರಣ ಘಟಕ ಇರುವ ಕಡೆ ಜೋರುಮಳೆಯ ದಿನ ಅದು ಉಕ್ಕಿದರೆ ಮೊದಲ ಅನುಮಾನ ಮಳೆ ಪೈಪಿನ ಮೇಲೇ ಇರಲಿ.

ರಸ್ತೆಯ ಒಳಚರಂಡಿ ಉಕ್ಕಿದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ. ಮೋರಿಯಲ್ಲಿ ಹೂಳು, ಕಟ್ಟಡದ ಮಣ್ಣು ತುಂಬಿದ್ದರೆ ಅದು ಪಾಲಿಕೆಯ ಕೆಲಸ, 1533. ಇದು ಅದಲುಬದಲಾದರೆ ದೂರು ಕಚೇರಿಯಿಂದ ಕಚೇರಿಗೆ ತಿರುಗುತ್ತಾ ಇರುತ್ತದೆ. ಮೋರಿ ಸ್ವಚ್ಛವಾಗಿಲ್ಲ ಎಂಬ ಕಾರಣಕ್ಕೇ ಜನ ಚೇಂಬರಿನ ಕಡೆ ತಿರುಗುತ್ತಾರೆ ಎಂಬುದನ್ನು ನಾನು ಬಲ್ಲೆ. ಆದ್ದರಿಂದ ಪೈಪು ಕಡಿಸುವ ವಾರವೇ ನಿಮ್ಮ ಕ್ರಾಸಿನ ಮೋರಿಯ ಹೂಳಿನ ಬಗ್ಗೆಯೂ ನಾಲ್ಕು ಮನೆಯವರು ಸೇರಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಈ ಎಲ್ಲಕ್ಕೂ ಒಳ್ಳೆಯ ಕಾಲ ಏಪ್ರಿಲ್, ಹೊಂಗೆ ಹೂವು ಉದುರುವ ಹೊತ್ತು. ತಾರಸಿ ಗುಡಿಸಿ, ಪೈಪಿನ ಬಾಯಿಗೆ ಜಾಲರಿ ಕೂರಿಸಿ, ಪ್ಲಂಬರಿಗೆ ಹೇಳಿಕಳಿಸಿ. ಜೋರುಮಳೆ ಶುರುವಾದ ಮೇಲೆ ಅವರು ಸಿಗುವುದಿಲ್ಲ.

ನಮ್ಮ ಮನೆಯ ಕೆಲಸ ಮುಗಿದ ದಿನ ಆ ಹಿರಿಯ ಪ್ಲಂಬರ್ ಹೊರಡುವ ಮುಂಚೆ ಪೇಂಟಿನ ಡಬ್ಬಿ ಕೇಳಿದರು. ಹಿಂದಿನ ಗೋಡೆಯ ಪೈಪಿನ ಮೇಲೆ, ಕಣ್ಣಿಗೆ ಕಾಣುವ ಎತ್ತರದಲ್ಲಿ, ದಪ್ಪಕ್ಷರದಲ್ಲಿ ‘ಮಳೆ’ ಎಂದು ಬರೆದರು. ಪಕ್ಕದ ಪೈಪಿನ ಮೇಲೆ ‘ಬಚ್ಚಲು’ ಎಂದು ಬರೆದರು. “ನಾಳೆ ಇನ್ನೊಬ್ಬ ಬರ್ತಾನಲ್ಲಮ್ಮಾ ರಿಪೇರಿಗೆ,” ಎಂದರು, “ಅವ್ನು ಮತ್ತೆ ಸೇರಿಸ್ಬಾರ್ದು.”